ನೀರಿನ ಟ್ಯಾಂಕಿನ ಮೇಲಿನ ಮುಖ

ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವುದನ್ನು ಕಲಿಯುತ್ತಿದ್ದ ಮೈಲಾರಪ್ಪ ಒಂದು ದಿನ ಗುರುಗಳನ್ನು ಕೇಳಿದ: "ಗುರುಗಳೇ, ನೆಟ್ಟಗಿರುವ ಚಿತ್ರವನ್ನು ಎಳೆದು, ಬಗ್ಗಿಸಿ, ತಿರುಚುವುದನ್ನೂ ಕಲಿಸುತ್ತೀರಿ. ಇದ್ದದ್ದನ್ನು ಇದ್ದ ಹಾಗೆ ಇಡದ ಈ ವಿದ್ಯೆಯಲ್ಲಿ ಹೆಮ್ಮೆಪಡುವಂಥದ್ದು ಏನಿದೆ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಗಾರ್ತಿ ಇದ್ದಳು. ಮದುವೆಯ ಬ್ಯಾನರು, ಅಂಗಡಿಯ ಬೋರ್ಡು, ಇವೇ ಅವಳ ದಿನದ ಕೆಲಸ. ಅದೇ ಊರಿನಲ್ಲಿ ಹುಲಿಗೆವ್ವ ಎಂಬ ಮುದುಕಿ ಸೂಲಗಿತ್ತಿ ಇದ್ದಳು. ಊರಿನ ಅರ್ಧ ಜನ ಹುಟ್ಟಿದ್ದು ಅವಳ ಕೈಯಲ್ಲಿ. ಚಿತ್ರಗಾರ್ತಿಯೂ ಹಾಗೆಯೇ ಹುಟ್ಟಿದವಳು. ಊರಿಗೆ ಎತ್ತರದ ದುಂಡನೆಯ ನೀರಿನ ಟ್ಯಾಂಕು ಬಂದಾಗ, ಅದರ ಮೇಲೆ ಹುಲಿಗೆವ್ವನ ಮುಖ ಇರಲಿ ಎಂದು ಪಂಚಾಯಿತಿಯವರು ತೀರ್ಮಾನಿಸಿದರು. ಕೆಲಸ ಚಿತ್ರಗಾರ್ತಿಯ ಪಾಲಿಗೆ ಬಂತು.

ಅವಳು ಹುಲಿಗೆವ್ವನ ಫೋಟೋ ತೆಗೆದಳು. ಅದನ್ನು ಚಿಕ್ಕದಾಗಿ ಅಚ್ಚು ಹಾಕಿ, ಟ್ಯಾಂಕಿನ ಹಾಗೆ ದುಂಡಗಿದ್ದ ಡಬ್ಬವೊಂದಕ್ಕೆ ಸುತ್ತಿ, ಡಬ್ಬವನ್ನು ಅಟ್ಟದ ಮೇಲಿಟ್ಟು ಕೆಳಗಿನಿಂದ ನೋಡಿದಳು. ಹಣೆ ಕುಗ್ಗಿತ್ತು. ಕೆನ್ನೆ ಬತ್ತಿತ್ತು. ತುಟಿಯ ಅಂಚುಗಳು ಕೆಳಕ್ಕೆ ಜಾರಿ, ನಗುತ್ತಿದ್ದ ಮುದುಕಿ ಅಳುತ್ತಿರುವಂತೆ ಕಂಡಳು.

ಅವಳು ಕಂಪ್ಯೂಟರಿನ ಮುಂದೆ ಕೂತಳು. ಮುಖದ ಮೇಲೆ ಬಲೆಯಂತೆ ಗೆರೆಗಳನ್ನು ಹಾಸಿ, ಬಲೆಯ ಒಂದೊಂದು ಗಂಟನ್ನೂ ಹಿಡಿದು ಎಳೆದಳು. ಹಣೆಯನ್ನು ಎತ್ತರಿಸಿದಳು, ಕೆನ್ನೆಗಳನ್ನು ಅಗಲಿಸಿದಳು, ತುಟಿಯ ಅಂಚುಗಳನ್ನು ಮೇಲಕ್ಕೆ ಬಗ್ಗಿಸಿದಳು. ಅಚ್ಚು ಹಾಕಿ ಡಬ್ಬಕ್ಕೆ ಸುತ್ತುವುದು, ನೋಡುವುದು, ಮತ್ತೆ ಎಳೆಯುವುದು. ಹದಿನೇಳನೆಯ ಸಲ ಅಟ್ಟದ ಮೇಲಿನ ಮುದುಕಿ ನಕ್ಕಳು.

ದೊಡ್ಡ ಹಾಳೆ ಅಚ್ಚಾಗಿ ಬಂತು. ಪಂಚಾಯಿತಿಯ ಅಂಗಳದಲ್ಲಿ ನೆಲಕ್ಕೆ ಹಾಸಿದಾಗ, ಹಿಗ್ಗಿ ಸೊಟ್ಟಗಾದ ಆ ಮುಖ ಕಂಡು ಜನ ಬೆಚ್ಚಿಬಿದ್ದರು. ಅಧ್ಯಕ್ಷನಿಗೆ ಸಿಟ್ಟು ತಡೆಯಲಿಲ್ಲ.

"ಏನಮ್ಮಾ ಇದು? ನನ್ನನ್ನು ಭೂಮಿಗೆ ತಂದ ಅವ್ವನ ಮುಖವನ್ನು ಹೀಗೆ ಕೆಡಿಸಿಟ್ಟಿದ್ದೀಯಲ್ಲ! ನೆಟ್ಟಗೆ ಮಾಡು. ಇಲ್ಲವಾದರೆ ಬೇರೆಯವರಿಂದ ಮಾಡಿಸುತ್ತೇವೆ."

ಚಿತ್ರಗಾರ್ತಿಯ ದನಿ ನಡುಗಲಿಲ್ಲ.

"ನೆಟ್ಟಗೆ ಮಾಡಿದರೆ ಅಷ್ಟು ಎತ್ತರದಲ್ಲಿ ಅವ್ವ ಅಳುತ್ತಾಳೆ, ಅಧ್ಯಕ್ಷರೇ. ಇದನ್ನೇ ಏರಿಸಿ. ಅವ್ವನೇ ಬಂದು ನೋಡಲಿ. ಇದು ನಾನಲ್ಲ ಅಂದರೆ ನನ್ನ ಕೈಯಾರೆ ಹರಿದುಹಾಕುತ್ತೇನೆ, ಈ ಕೆಲಸವನ್ನೇ ಬಿಡುತ್ತೇನೆ."

ಹಾಳೆಯನ್ನು ಟ್ಯಾಂಕಿಗೆ ಅಂಟಿಸಲು ಎರಡು ದಿನ ಹಿಡಿಯಿತು. ಆ ಎರಡು ದಿನ ಅವಳು ಆ ಕಡೆ ತಲೆ ಎತ್ತಿ ನೋಡಲಿಲ್ಲ. ಮೂರನೆಯ ದಿನ ಬೆಳಗ್ಗೆ ಹುಲಿಗೆವ್ವನನ್ನು ಕೈಹಿಡಿದು ಕರೆತಂದರು. ನೆರೆದ ಜನ ಟ್ಯಾಂಕನ್ನು ಬಿಟ್ಟು ಮುದುಕಿಯನ್ನೇ ನೋಡತೊಡಗಿದರು.

ಹುಲಿಗೆವ್ವ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ, ಕನ್ನಡಿಯ ಮುಂದೆ ನಿಂತವಳ ಹಾಗೆ, ಸೆರಗು ಸರಿಮಾಡಿಕೊಂಡಳು.

"ನನ್ನ ಎಡಗಣ್ಣು ಸ್ವಲ್ಪ ಸಣ್ಣದು. ಅದನ್ನೂ ಮುಚ್ಚಿಟ್ಟಿಲ್ಲ ಈ ಹುಡುಗಿ," ಎಂದಳು. "ನಾನೇ ಅದು."

ಅಧ್ಯಕ್ಷ ಚಿತ್ರಗಾರ್ತಿಗೆ ಕೈಮುಗಿದ. ಆಗ ಅವಳು ತಲೆ ಎತ್ತಿದಳು. ಅಷ್ಟೆತ್ತರದಲ್ಲಿ ಹುಲಿಗೆವ್ವ ತುಂಬಿದ ಕೆನ್ನೆಯಲ್ಲಿ ನಗುತ್ತಿದ್ದಳು. ಚಿತ್ರಗಾರ್ತಿಯ ಎದೆ ಉಬ್ಬಿತು. ಮುಂದೆ ಊರಿಗೆ ಯಾರೇ ಹೊಸಬರು ಬರಲಿ, ಟ್ಯಾಂಕನ್ನು ತೋರಿಸಿ "ಅದು ನಾನು ಮಾಡಿದ್ದು" ಎಂದು ಹೇಳಿಕೊಳ್ಳಲು ಅವಳು ಒಮ್ಮೆಯೂ ನಾಚಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮೈಲಾರಪ್ಪನ ಮುಖ ಅರಳಿತು.

"ಹಾಗಾದರೆ ಯಾರ ಮುಖವನ್ನು ಎಷ್ಟು ಬೇಕಾದರೂ ತಿರುಚಬಹುದು ಅನ್ನಿ," ಎಂದ.

"ಆ ಮುಖದ ಒಡೆಯರನ್ನೇ ಕರೆತಂದು ಅದರ ಎದುರು ನಿಲ್ಲಿಸುವ ಧೈರ್ಯ ನಿನಗಿದ್ದರೆ, ತಿರುಚು," ಎಂದರು ಗುರುಗಳು.