ತೂಗದ ಗೆಜ್ಜೆ

ಮೌನಾಚಾರಿ ಬೆಳ್ಳಿ ಕೆಲಸದವನು. ಊರವರ ಒಡವೆಯನ್ನು ಗುಲಗಂಜಿಯಷ್ಟೂ ತಪ್ಪದೆ ತೂಗಿ ಕೊಡುವವನು. ಆದರೆ ಸ್ವಂತ ಮನೆಯ ಮಗುವಿನ ಒಡವೆಯನ್ನು ಮಾತ್ರ ತೂಗಬಾರದು, ತೂಗಿದರೆ ದೃಷ್ಟಿಯಾಗುತ್ತದೆ ಎಂಬುದು ಆ ಮನೆಯ ನಂಬಿಕೆ. ಯಾಕೆ ಎಂದು ಕೇಳಿದವರಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವನ ಹೆಂಡತಿ ತೀರಿಕೊಂಡ ವರ್ಷವೇ ಮೊಮ್ಮಗಳು ಹುಟ್ಟಿದಳು. ಅಜ್ಜಿಯ ಹೆಸರನ್ನೇ ಇಟ್ಟರು, ಚಂಪಾ ಎಂದು. ಮೌನಾಚಾರಿಗೆ ಹಿಡಿಸಲಾರದಷ್ಟು ಸಂಭ್ರಮ. ಹೆಂಡತಿಯ ಸೊಂಟದ ಬೆಳ್ಳಿ ಡಾಬನ್ನು ತುಂಡರಿಸಿ, ಒಂದು ತುಂಡನ್ನು ಕರಗಿಸಿ, ಕೂಸಿನ ಕಾಲಿಗೆ ಗೆಜ್ಜೆ ಮಾಡಿದ. "ಇವಳಜ್ಜಿ ಇವಳ ಜೊತೆಗೇ ಇರಬೇಕು" ಅಂದ.

ಮಗು ಬೋರಲು ಬಿತ್ತು. ಮನೆಯಲ್ಲಿ ಕಡುಬು, ಗೆಜ್ಜೆಗೊಂದು ಬೆಳ್ಳಿ ಗುಂಡು. ಹಲ್ಲು ಬಂತು, ಇನ್ನೊಂದು ಗುಂಡು. ಅಂಬೆಗಾಲಿಟ್ಟಳು, ಹೊಸ್ತಿಲು ದಾಟಿದಳು, ಕಿವಿ ಚುಚ್ಚಿಸಿಕೊಂಡಳು. ಒಂದೊಂದಕ್ಕೂ ಒಂದೊಂದು ಗುಂಡು, ಅಜ್ಜಿಯ ಡಾಬಿನಿಂದಲೇ. ಪೊಳ್ಳು ಗುಂಡಲ್ಲ, ಗಟ್ಟಿಯದು. ಪೊಳ್ಳು ಮಾಡಿದರೆ ಹೆಂಡತಿಗೆ ಮೋಸ ಮಾಡಿದಂತೆ ಎಂದು ಅವನ ತರ್ಕ.

ಮುಂದಿನ ಗುಂಡು ಮೊದಲ ಹೆಜ್ಜೆಗೆ. ಮನೆಮಂದಿಯೆಲ್ಲ ಕಣ್ಣಿಟ್ಟು ಕಾದರು. ಹೆಜ್ಜೆ ಬರಲಿಲ್ಲ.

ಚಂಪಾಳಿಗಿಂತ ಚಿಕ್ಕ ಕೂಸುಗಳು ಬೀದಿಯಲ್ಲಿ ಓಡುತ್ತಿದ್ದವು. ಇವಳು ಗೋಡೆ ಹಿಡಿದು ಏಳುವಳು, ಕಾಲೆತ್ತಲು ನೋಡುವಳು, ದೊಪ್ಪನೆ ಕೂರುವಳು. ತಾಯಿ ವೇದವತಿ ಎಣ್ಣೆ ತಿಕ್ಕಿದಳು, ಹರಕೆ ಹೊತ್ತಳು. ನೆರೆಮನೆಯ ಸಿದ್ದಮ್ಮ ಕರೆಯದೆಯೇ ಬಂದು, "ಕಾಲಲ್ಲಿ ಶಕ್ತಿಯೇ ಇಲ್ವಲ್ಲೇ, ಹೀಗೇ ಇದ್ದುಬಿಟ್ರೆ ಏನೇ ಗತಿ?" ಎಂದು ಸಮಾಧಾನ ಹೇಳಿ ಹೋದಳು. ವೇದವತಿ ಒಲೆಯ ಮುಂದೆ ಕೂತು ಅತ್ತಳು. ಮೌನಾಚಾರಿಗೆ ಊಟ ಸೇರಲಿಲ್ಲ.

ಒಂದು ಬೆಳಿಗ್ಗೆ ಚಂಪಾ ಅವನ ಮೂಗು ಹಿಡಿದೆಳೆದು "ತಾತಾ" ಅಂದಳು.

"ಕೇಳಿಸ್ತೇನಮ್ಮಾ? ನನ್ನನ್ನೇ ಕರೆದಳು! ಮೊದಲ ಮಾತು!" ಮುದುಕ ಕುಣಿದೇಬಿಟ್ಟ.

ಮಾತಿಗೂ ಒಂದು ಗುಂಡು ಆಗಬೇಡವೇ? ಆ ಗೆಜ್ಜೆಯನ್ನು ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಗುಂಡು ಸೇರಿಸುವುದೇನಿದ್ದರೂ ಕೂಸು ಮಲಗಿದ ಮೇಲೆ. ಇವತ್ತು ಅಷ್ಟು ಕಾಯುವ ತಾಳ್ಮೆ ಎಲ್ಲಿ? ತಿರುಪು ಬಿಚ್ಚಿ ಗೆಜ್ಜೆ ತೆಗೆದ, ಮಗುವನ್ನು ಪಡಸಾಲೆಯ ಆ ತುದಿಯಲ್ಲಿ ಕೂರಿಸಿದ, ಈ ತುದಿಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತು ಊದುಗೊಳವೆಯನ್ನು ಬಾಯಿಗಿಟ್ಟ.

ಬೆನ್ನಿಗೆ ಎರಡು ಪುಟ್ಟ ಕೈ ತಾಗಿದವು. ತಿರುಗಿದ. ಚಂಪಾ ನಿಂತಿದ್ದಳು. ಅವನು ಬಾಯಿ ತೆರೆಯುವಷ್ಟರಲ್ಲಿ ತಪ್ಪಡಿಯಿಡುತ್ತ ತಾಯಿಯ ಕಡೆಗೆ ಓಡಿದಳು.

"ನಡೆದಳು! ಅಯ್ಯೋ ಮಾವಾ, ನಡೆದಳು!" ವೇದವತಿ ಹಿಟ್ಟಿನ ಕೈಯಲ್ಲೇ ಮಗುವನ್ನು ಬಾಚಿಕೊಂಡಳು.

"ಹೆಜ್ಜೆಯ ಗುಂಡು! ಡಾಬಿನ ತುಂಡೆಲ್ಲಿ?" ಮೌನಾಚಾರಿ ಎದ್ದೆನೋ ಬಿದ್ದೆನೋ ಎಂದು ಹುಡುಕತೊಡಗಿದ.

ವೇದವತಿಯ ನಗು ಸಟ್ಟನೆ ನಿಂತಿತು. "ಮಾವಾ, ಈಗ ಗೆಜ್ಜೆ ಕಟ್ಟಿ. ನಡೀತಾಳಾ ನೋಡೋಣ."

ಕಟ್ಟಿದ. ಮಗು ಎದ್ದಿತು, ಕಾಲೆಳೆಯಿತು, ದೊಪ್ಪನೆ ಕೂತಿತು.

ಮೌನಾಚಾರಿ ಗೆಜ್ಜೆ ಬಿಚ್ಚಿ ತಕ್ಕಡಿಗೆ ಹಾಕಿದ. ತಟ್ಟೆ ಠಣ್ಣೆಂದು ನೆಲಕ್ಕೆ ಬಡಿಯಿತು. ಯಾರಿಗೂ ದೃಷ್ಟಿಯಾಗಲಿಲ್ಲ.

"ನಿಮ್ಮತ್ತೆ ಇದ್ದಿದ್ದರೆ ನನಗೆ ಎರಡು ಬಿಡುತ್ತಿದ್ದಳು" ಅಂದ.

"ಎರಡಕ್ಕೇ ನಿಲ್ಲಿಸ್ತಿರಲಿಲ್ಲ ಮಾವಾ."

ಅಂದೇ ಬೆಳ್ಳಿಯನ್ನು ಎಳೆಯಾಗಿ ಎಳೆದು, ಪೊಳ್ಳು ಗುಂಡೊಂದನ್ನು ಕೂರಿಸಿ, ಹೂವಿನಂಥ ಗೆಜ್ಜೆ ಮಾಡಿ ಮೊಮ್ಮಗಳಿಗೆ ಕಟ್ಟಿದ. ಉಳಿದ ಗಟ್ಟಿ ಗುಂಡುಗಳನ್ನೆಲ್ಲ ದಾರಕ್ಕೆ ಪೋಣಿಸಿ ತನ್ನ ಕೊರಳಿಗೆ ಹಾಕಿಕೊಂಡ. ಬಗ್ಗಿ ಕೆಲಸ ಮಾಡುವಾಗಲೆಲ್ಲ ಅವು ಎದೆಗೆ ಬಡಿಯುತ್ತಿದ್ದವು. ಅವನಿಗೆ ಬೇಕಾದದ್ದೂ ಅದೇ.

ಚಂಪಾ ಘಲ್ಲೆನ್ನುತ್ತ ಬೀದಿಗೆ ಓಡಿದಳು. ಸಿದ್ದಮ್ಮ ಬಾಗಿಲಿಗೆ ಬಂದು, "ಈ ಕೂಸಿನ ಕಾಲು ಒಂದು ಕಡೆ ನಿಲ್ಲೋದೇ ಇಲ್ವಲ್ಲೇ, ಏನೇ ಗತಿ?" ಅಂದಳು.

ನೀತಿ: ಹೋದವರ ನೆನಪಿಗೆ ಒಡವೆ ಮಾಡಿ, ಚೆನ್ನಾಗಿಯೇ ಮಾಡಿ. ಆದರೆ ಅದರ ಭಾರವನ್ನು ನೆನೆಯುವವರು ಹೊರಬೇಕು, ನಡೆಯಲು ಕಲಿಯುತ್ತಿರುವವರಲ್ಲ.