ಐದು ಗುಲಗಂಜಿ ತೂಕ

ಮಾಘ ಮಾಸದ ಹುಣ್ಣಿಮೆಯ ಹಿಂದಿನ ದಿನ, ಬೆಳಗಿನ ಹೊತ್ತಿನಲ್ಲಿ ಇದು ನಡೆಯಿತು.

ಹೊಳೆದಂಡೆಯ ಆ ಆಶ್ರಮದಲ್ಲಿ ಮಾದಣ್ಣಯ್ಯ ಎಂಬ ವೈದ್ಯರು ಮದ್ದಿನ ವಿದ್ಯೆ ಕಲಿಸುತ್ತಿದ್ದರು. ಆರು ವರ್ಷ ಕಲಿತ ಶಿಷ್ಯ ಕೊನೆಗೆ ತಾಳೆಗರಿಯ ಮೇಲೆ ತನ್ನದೇ ಒಂದು ಹೊತ್ತಗೆ ಬರೆಯಬೇಕು. ಪಂಡಿತರ ಸಭೆ ಅದನ್ನು ಕೇಳಿ ಒಪ್ಪಿದರೆ ಅವನು ವೈದ್ಯ.

ಆ ವರ್ಷ ಸರದಿ ಬೊಪ್ಪಣ್ಣನದು. ಜ್ವರದ ಮೇಲೆ ಎಂಬತ್ತು ಗರಿ ಬರೆದಿದ್ದ. ಸಭೆ ಮರುದಿನ.

ಅಲ್ಲೊಂದು ರೂಢಿಯಿತ್ತು. ಬೇರೆಯವರ ಮಾತು ತಂದಲ್ಲಿ ಗರಿಯ ಅಂಚಿನಲ್ಲಿ ಅವರ ಹೆಸರನ್ನೂ ಆ ಮಾತು ಸಿಕ್ಕಿದ ಗರಿಯ ಸಂಖ್ಯೆಯನ್ನೂ ಬರೆಯಬೇಕು. ಬೊಪ್ಪಣ್ಣನ ಎಂಬತ್ತು ಗರಿಗಳ ಅಂಚೂ ಖಾಲಿ.

"ಏನಯ್ಯಾ, ಮದುಮಗನ ಪಂಚೆಯ ಹಾಗಿದೆಯಲ್ಲ ನಿನ್ನ ಅಂಚು! ಒಂದು ಕಲೆಯೂ ಇಲ್ಲ," ಎಂದಿದ್ದ ಜೊತೆಗಾರ ಕೇತಯ್ಯ.

"ಓದುವವರಿಗೆ ತಡೆಯಾಗಬಾರದು," ಎಂದಿದ್ದ ಬೊಪ್ಪಣ್ಣ. ತನ್ನ ಮಾತು ಎಲ್ಲಿ ನಿಂತಿತು, ಹಿರಿಯರ ಮಾತು ಎಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯದಂತೆ ಬೆಸೆದಿದ್ದ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ.

ಜಗಲಿಯ ಮೇಲೆ ಅಂಬಿಗ ಹೊನ್ನ ಮಲಗಿದ್ದ. ಜ್ವರ ತಲೆಗೇರಿತ್ತು. ಕೈಕಾಲು ಸೆಳೆಯುತ್ತಿದ್ದವು. ಹೆಂಡತಿ ಸಿರಿಯವ್ವ ಹಣೆಯ ಒದ್ದೆ ಬಟ್ಟೆ ಬದಲಿಸುತ್ತಿದ್ದಳು.

"ಮೂರು ದಿನದಿಂದ ನನಗೆ ಗೊತ್ತಿದ್ದದ್ದನ್ನೆಲ್ಲ ಕೊಟ್ಟೆ. ಇನ್ನು ನನ್ನಲ್ಲಿ ಏನೂ ಇಲ್ಲ," ಎಂದರು ಮಾದಣ್ಣಯ್ಯ.

"ನನ್ನ ಹೊತ್ತಗೆಯಲ್ಲಿ ಇದೆ, ಗುರುಗಳೇ."

ಬೊಪ್ಪಣ್ಣ ಗರಿ ಬಿಡಿಸಿ ಓದಿದ. "ಜ್ವರ ತಲೆಗೇರಿ ಸೆಳೆತ ಬಂದವನಿಗೆ ಕಪ್ಪುಬೇರು, ಐದು ಗುಲಗಂಜಿ ತೂಕ, ಜೇನಿನಲ್ಲಿ ಕೊಡಬೇಕು."

"ಕಪ್ಪುಬೇರು ವಿಷ. ನಾನು ಎಂದೂ ಯಾರಿಗೂ ಕೊಟ್ಟಿಲ್ಲ."

"ಅಳತೆಯಲ್ಲಿ ಕೊಟ್ಟರೆ ಮದ್ದು, ಗುರುಗಳೇ."

ಗುರು ಎದ್ದರು. ಬೇರನ್ನು ಐದು ಗುಲಗಂಜಿಗೆ ಸರಿಯಾಗಿ ತೂಗಿದರು. ಅರೆದು ಜೇನಿನಲ್ಲಿ ಕಲಸಿ ಕಲ್ಲಿನ ಬಟ್ಟಲಿಗೆ ಹಾಕಿದರು. ಬಟ್ಟಲು ಕೈಯಲ್ಲೇ ಇತ್ತು.

"ಇದು ಯಾರ ಮಾತು?"

"ಬರೆದವನು ನಾನೇ."

"ಎಷ್ಟು ಜನಕ್ಕೆ ಕೊಟ್ಟಿದ್ದೀಯ?"

"ಯಾರಿಗೂ ಇಲ್ಲ," ಎಂದ ಬೊಪ್ಪಣ್ಣ.

"ಹಾಗಾದರೆ ಯಾರ ಮಾತು?"

"ಯಾರೋ ಹಿರಿಯರದು. ಎಲ್ಲೋ ಓದಿದ್ದು."

ಸಿರಿಯವ್ವ ತಿರುಗಿದಳು. "ಸ್ವಾಮೀ, ಪಾಠ ಆಮೇಲೆ ಮಾಡಿ. ಮೊದಲು ಮದ್ದು ಹಾಕಿ."

"ಇದು ಪಾಠವಲ್ಲ, ತಾಯಿ." ಗುರು ಬಟ್ಟಲನ್ನು ಬೊಪ್ಪಣ್ಣನ ಕೈಗಿಟ್ಟರು. "ನೀನೇ ಕೊಡು. ಕೊಡುವ ಮೊದಲು ಇವಳಿಗೆ ಹೇಳು, ಇದು ಎಲ್ಲೋ ಓದಿದ್ದು ಎಂದು."

ಬೊಪ್ಪಣ್ಣ ಬಟ್ಟಲು ಹಿಡಿದು ಒಂದು ಹೆಜ್ಜೆ ಇಟ್ಟ. ಸಿರಿಯವ್ವ ಅವನ ಮುಖ ನೋಡಿದಳು. ಅವನು ಬಟ್ಟಲನ್ನು ಕೆಳಗಿಟ್ಟ.

ಗುರು ನೀರಿನ ಹಂಡೆಯಲ್ಲಿ ತಾಮ್ರದ ಬಟ್ಟಲೊಂದನ್ನು ತೇಲಿಬಿಟ್ಟರು. ಅದರ ತಳದಲ್ಲಿ ಸಣ್ಣ ತೂತು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ.

"ಮೂರು ಗಳಿಗೆ. ಅಷ್ಟು ಹೊತ್ತು ಇವನನ್ನು ಹಿಡಿದಿಡಬಲ್ಲೆ. ಹುಡುಕು."

ಬೊಪ್ಪಣ್ಣ ಓಡಿದ.

ಗರಿಗಳ ಕೋಣೆಯಲ್ಲಿ ಅರವತ್ತೆರಡು ಕಟ್ಟುಗಳಿದ್ದವು. ಜಗಲಿಯ ಮೂಲೆಯಲ್ಲಿ ಎಲ್ಲ ಕೇಳುತ್ತಿದ್ದ ಕೇತಯ್ಯನೂ ಹಿಂದೆಯೇ ಬಂದ.

"ಬಲಗಡೆ ನಂದು, ಎಡಗಡೆ ನಿಂದು. ಗುರುತು ಏನಾದರೂ ನೆನಪಿದೆಯಾ?"

"ಅಂಚಿಗೆ ಹುಳು ಹೊಡೆದಿತ್ತು."

"ಹುಳು ಹೊಡೆಯದ್ದು ಯಾವುದಿದೆ ಮಾರಾಯ ಇಲ್ಲಿ!"

ದಾರ ಬಿಚ್ಚಿದರು, ನೋಡಿದರು, ಕಟ್ಟಿದರು. ಇನ್ನೊಂದು ಬಿಚ್ಚಿದರು. ಸ್ವಲ್ಪ ಹೊತ್ತಿಗೆ ಕಟ್ಟುವುದನ್ನೇ ಬಿಟ್ಟರು. ನೆಲದ ತುಂಬ ಗರಿ.

"ಒಂದು ಮುಳುಗಿತು!" ಹೊರಗಿನಿಂದ ಸಿರಿಯವ್ವ ಕೂಗಿದಳು.

ಬೊಪ್ಪಣ್ಣನ ಬೆವರು ಗರಿಯ ಮೇಲೆ ಬಿತ್ತು. ಮಳೆಗಾಲದ ಒಂದು ಮಧ್ಯಾಹ್ನ ಆ ಸಾಲು ಸಿಕ್ಕಿತ್ತು. ತನ್ನ ವಾಕ್ಯಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಬರೆದುಕೊಂಡು ಕಟ್ಟು ಮೇಲಿಟ್ಟಿದ್ದ. ಯಾರದೆಂದು ನೋಡಿರಲಿಲ್ಲ.

"ಎರಡು!"

"ಅಕ್ಷರ ಎಡಕ್ಕೆ ವಾಲಿದ್ದವು," ಎಂದ ಬೊಪ್ಪಣ್ಣ ತಟ್ಟನೆ.

"ಅದನ್ನು ಈಗ ಹೇಳುತ್ತೀಯಾ! ಎಡಗೈಯಲ್ಲಿ ಬರೆದವಳು ಒಬ್ಬಳೇ. ಕಲ್ಲೂರಿನ ಮಲ್ಲಿಯಬ್ಬೆ." ಕೇತಯ್ಯ ಅಟ್ಟಕ್ಕೆ ಕೈಹಾಕಿ ನೀಲಿ ದಾರದ ಕಟ್ಟನ್ನು ಎಳೆದ.

ಒಂಬತ್ತನೆಯ ಗರಿಯ ಕೊನೆಯ ಸಾಲು. ಕಪ್ಪುಬೇರು, ಐದು ಗುಲಗಂಜಿ ತೂಕ, ಜೇನಿನಲ್ಲಿ. ಒಂದಕ್ಷರ ತಪ್ಪಿರಲಿಲ್ಲ.

"ಸಿಕ್ಕಿತು! ಸರಿಯಾಗಿಯೇ ಬರೆದಿದ್ದೇನೆ!" ಬೊಪ್ಪಣ್ಣ ಎದ್ದು ಬಾಗಿಲಿಗೆ ನುಗ್ಗಿದ.

"ಹಿಂಬದಿ ನೋಡಿದೆಯಾ?"

ನೋಡಿರಲಿಲ್ಲ. ಆವತ್ತೂ ನೋಡಿರಲಿಲ್ಲ.

ಗರಿ ಮಗುಚಿದ.

"ಇದು ನನ್ನ ಅಣ್ಣನ ಮಾತು. ನಂಬಿ ಕೊಟ್ಟೆ. ಮೂವರು ತೀರಿಕೊಂಡರು. ಆಮೇಲೆ ಒಂದು ತೂಕಕ್ಕೆ ಇಳಿಸಿದೆ. ಹದಿನಾರು ಜನ ಎದ್ದು ಕೂತರು."

ಬೊಪ್ಪಣ್ಣ ಜಗಲಿಗೆ ಬಂದಾಗ ತಾಮ್ರದ ಬಟ್ಟಲಿನ ಅಂಚು ಮಾತ್ರ ನೀರಿನ ಮೇಲಿತ್ತು. ಗರಿಯನ್ನು ಹಿಂಬದಿ ಮೇಲೆ ಮಾಡಿ ಚಾಚಿದ.

ಗುರು ಓದಿದರು. ಕಲ್ಲಿನ ಬಟ್ಟಲಿನಲ್ಲಿದ್ದದ್ದನ್ನು ಬೂದಿಗುಂಡಿಗೆ ಸುರಿದು ತೊಳೆದರು. ಬೇರನ್ನು ಒಂದು ಗುಲಗಂಜಿಗೆ ತೂಗಿ ಅರೆದು ಜೇನಿನಲ್ಲಿ ಕಲಸಿದರು.

"ಹೇಳಿ ಕೊಡು."

ಬೊಪ್ಪಣ್ಣ ಸಿರಿಯವ್ವನ ಮುಂದೆ ಕೂತ. "ಇದು ಕಲ್ಲೂರಿನ ಮಲ್ಲಿಯಬ್ಬೆಯ ಮಾತು. ಒಂಬತ್ತನೆಯ ಗರಿ, ಹಿಂಬದಿ. ಐದು ತೂಕ ಕೊಟ್ಟಾಗ ಮೂವರು ಹೋದರು. ಒಂದು ಕೊಟ್ಟಾಗ ಹದಿನಾರು ಜನ ಉಳಿದರು. ನಾನು ಇದೇ ಮೊದಲು ಕೊಡುತ್ತಿರುವುದು."

ಅವಳು ಗಂಡನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. "ಕೊಡಪ್ಪ."

ಹೊನ್ನನ ಹಲ್ಲು ಕಚ್ಚಿಕೊಂಡಿದ್ದವು. ಬೊಪ್ಪಣ್ಣ ಬೆರಳಿನಿಂದ ತುಟಿಯ ಸಂದಿಗೆ ಸವರಿದ. ಕಾದರು. ಬಟ್ಟಲು ಮುಳುಗಿತು. ಯಾರೂ ಕೂಗಲಿಲ್ಲ.

ನೆತ್ತಿಗೆ ಬಿಸಿಲು ಬರುವ ಹೊತ್ತಿಗೆ ಕಾಲಿನ ಸೆಳೆತ ನಿಂತಿತು. ಆಮೇಲೆ ಕೈಯದು. ಹೊನ್ನ ಕಣ್ಣು ಬಿಟ್ಟ.

"ದೋಣಿ ಕಟ್ಟಿದ್ದೀಯಾ?"

"ಕಟ್ಟದೆ ನಿನ್ನ ಹಾಗೆ ಬಿಟ್ಟು ಬರ್ತೀನಾ?" ಎಂದಳು ಸಿರಿಯವ್ವ. ಎಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಬೊಪ್ಪಣ್ಣ ಗುರುಗಳ ಹಿಂದೆ ಹೊಳೆಗೆ ಇಳಿದ.

"ಐದು ತೂಕ ತಪ್ಪೆಂದು ನಿಮಗೆ ಮೊದಲೇ ಗೊತ್ತಿತ್ತೇ?"

"ಇಲ್ಲ. ಗೊತ್ತಿರಲಿಲ್ಲ. ಅದಕ್ಕೇ ಕೇಳಿದೆ."

ಗುರು ಕಲ್ಲಿನ ಬಟ್ಟಲನ್ನು ಮರಳಿನಿಂದ ಉಜ್ಜತೊಡಗಿದರು. ಬೊಪ್ಪಣ್ಣ ದಂಡೆಯ ಮೇಲೆ ಹೊತ್ತಗೆ ಬಿಡಿಸಿ ಕೂತ. ಐದನ್ನು ಹೊಡೆದು ಒಂದು ಮಾಡಿದ. ಅಂಚಿನಲ್ಲಿ ಮಲ್ಲಿಯಬ್ಬೆಯ ಹೆಸರು ಕೊರೆದ, ಗರಿಯ ಸಂಖ್ಯೆ ಕೊರೆದ. ಅದರ ಕೆಳಗೆ, ಅಂಬಿಗ ಹೊನ್ನನಿಗೆ ನಾನು ಕೊಟ್ಟು ನೋಡಿದೆ, ಎದ್ದ ಎಂದು ಬರೆದ.

"ಬೇರೆಯವರ ಮಾತು ಇನ್ನೂ ಇವೆಯೇ?" ಎಂದು ಕೇಳಿದರು ಗುರು, ತಲೆಯೆತ್ತದೆ.

ಬೊಪ್ಪಣ್ಣ ಮೊದಲ ಗರಿಯಿಂದ ಶುರುಮಾಡಿದ. ಒಂದೊಂದಕ್ಕೂ ಒಂದು ಬೆಣಚುಕಲ್ಲು ಇಡುತ್ತ ಹೋದ. ಎಂಬತ್ತನೆಯ ಗರಿ ಮುಗಿಯುವ ಹೊತ್ತಿಗೆ ನೆರಳು ನೀರಿನವರೆಗೆ ಚಾಚಿತ್ತು.

"ಒಟ್ಟು ನಲವತ್ತೊಂದು, ಗುರುಗಳೇ. ಆದರೆ ನಾಳೆ ಸಭೆ. ಪಂಡಿತರು ಆಗಲೇ ಊರು ಬಿಟ್ಟಿರುತ್ತಾರೆ. ವಿಷದ್ದು ಇದೊಂದೇ, ಇದು ಸರಿಯಾಯಿತಲ್ಲ. ಸಾಲದೇ?"

ಗುರು ಒಂದು ಬೆಣಚುಕಲ್ಲನ್ನು ಎತ್ತಿ ಹೊಳೆಗೆ ಹಾಕಿದರು.

"ಉಳಿದದ್ದು ನಲವತ್ತು."