ಆಧಾರ ಸಾಲದು

"ಗುರುಗಳೇ, ನಮ್ಮ ಅಧ್ಯಯನಪೀಠದ ಚರಿತ್ರೆ ಬರೆಯಲು ನನಗೆ ಅಪ್ಪಣೆಯಾಗಿದೆ. ಆದರೆ ಪೀಠ ಕಟ್ಟಿದ ಹಿರಿಯ ಗುರುಗಳ ಬಗ್ಗೆ ಒಂದು ಶಾಸನವೂ ಸಿಕ್ಕಿಲ್ಲ, ಒಂದು ಓಲೆಯೂ ಸಿಕ್ಕಿಲ್ಲ. ತಕ್ಕ ಆಧಾರ ಸಿಗುವ ತನಕ ಕಾಯುವುದೇ ಸರಿಯಲ್ಲವೇ?" ಎಂದು ಶಿಷ್ಯ ಅಡವಿಸ್ವಾಮಿ ಕೇಳಿದ.

ಕಳೆದ ಯುಗಾದಿಗೂ ಅವನು ಇದನ್ನೇ ಕೇಳಿದ್ದ. ಅದರ ಹಿಂದಿನ ಯುಗಾದಿಗೂ ಕೇಳಿದ್ದ. ಗುರುಗಳಿಗೆ ರೇಗಿತು. "ಕೂತುಕೋ. ಒಂದು ಕತೆ ಹೇಳುತ್ತೇನೆ. ಇದಕ್ಕೂ ಆಧಾರವಿಲ್ಲ, ಸಹಿಸಿಕೋ" ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಂದು ವಿದ್ಯಾಶಾಲೆ ಇತ್ತು. ಅಲ್ಲಿದ್ದವರೆಲ್ಲ ಘನ ವಿದ್ವಾಂಸರು. ಅಳಿಸಿಹೋದ ಶಾಸನವನ್ನೂ ಬೆರಳಿನಿಂದ ಸವರಿ ಓದುತ್ತಿದ್ದರು. ಯಾವ ರಾಜ ಯಾರ ಮಗ, ಯಾವ ಕೆರೆಯನ್ನು ಯಾರು ಕಟ್ಟಿಸಿದರು ಎಂದು ನಾಡಿನ ಜನ ಅವರನ್ನೇ ಕೇಳಲು ಬರುತ್ತಿದ್ದರು. ಆದರೆ ತಾವು ಕೂತ ಶಾಲೆಯನ್ನು ಯಾರು ಕಟ್ಟಿಸಿದರು, ಏಕೆ ಕಟ್ಟಿಸಿದರು ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಅದಕ್ಕೇ ಗೊತ್ತಿರಲಿಲ್ಲ.

ಅದೇ ಊರಿನಲ್ಲಿ ಒಬ್ಬ ಮುದುಕನಿದ್ದ. ಆ ಶಾಲೆಯ ಮೊದಲ ವಿದ್ಯಾರ್ಥಿಗಳಲ್ಲಿ ಬದುಕಿ ಉಳಿದವನು ಅವನೊಬ್ಬನೇ. ಒಂದು ದಿನ ಕೋಲೂರಿಕೊಂಡು ಬಂದು ವಿದ್ವಾಂಸರ ಮುಂದೆ ನಿಂತ.

"ಈ ಜಾಗ ಕೊಟ್ಟವರನ್ನು ನಾನು ಬಲ್ಲೆ. ಯಾವ ಮಾತಿನ ಮೇಲೆ ಕೊಟ್ಟರು ಎಂಬುದನ್ನೂ ಬಲ್ಲೆ. ನಾನು ಇರುವಾಗಲೇ ಬರೆದುಕೊಳ್ಳಿ" ಎಂದ.

"ಇದಕ್ಕೆ ಆಧಾರ?" ಎಂದು ಹಿರಿಯ ವಿದ್ವಾಂಸ ಕೇಳಿದ.

"ನಾನೇ ಅಲ್ಲಿದ್ದೆ, ಸ್ವಾಮಿ. ಕಣ್ಣಾರೆ ನೋಡಿದ್ದೇನೆ."

"ನೋಡಿದ್ದು ಆಧಾರವಲ್ಲ, ಅಜ್ಜ. ಬರೆದದ್ದು ಆಧಾರ."

"ಅದಕ್ಕೇ ಬರೆದುಕೊಳ್ಳಿ ಎನ್ನುತ್ತಿದ್ದೇನೆ."

"ಬರೆಯಬೇಕಾದರೆ ಆಧಾರ ಬೇಕಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಕಂತೆ! ವಿದ್ವಾಂಸರು ಸಭೆ ಸೇರಿದರು. ಮುದುಕನ ನೆನಪು ಪ್ರಮಾಣವೋ ಅಲ್ಲವೋ ಎಂದು ಚರ್ಚೆಯಾಯಿತು. ಮಾತಿಗೆ ಮಾತು ಬೆಳೆದು ಎರಡು ಪಕ್ಷಗಳಾದವು. ಒಂದೊಂದು ಪಕ್ಷದವರೂ ಒಂದೊಂದು ಗ್ರಂಥ ಬರೆದರು. ಮುದುಕನ ಮಾತನ್ನು ಮಾತ್ರ ಯಾರೂ ಬರೆಯಲಿಲ್ಲ. ಅವನು ದಸರೆಗೆ ಬಂದ; ಚರ್ಚೆ ಮುಗಿದಿಲ್ಲ ಎಂದರು. ಸಂಕ್ರಾಂತಿಗೆ ಬಂದ, ಈಗ ತಾನೇ ಕಾವೇರಿದೆ ಎಂದರು. ಆಮೇಲೆ ಬರಲಿಲ್ಲ. ಏಕೆ ಬರಲಿಲ್ಲ ಎಂದೂ ಯಾರೂ ವಿಚಾರಿಸಲಿಲ್ಲ.

ಆ ಬೇಸಿಗೆಯಲ್ಲಿ ಹೊಸ ಪಾಳೇಗಾರ ಪಟ್ಟಕ್ಕೆ ಬಂದ. ಕುದುರೆ ಏರಿ ಊರು ಸುತ್ತುತ್ತಾ ಶಾಲೆಯ ಮುಂದೆ ನಿಂತ. ವಿದ್ವಾಂಸರು ಅವನ ವಂಶಾವಳಿಯನ್ನು ಮೂಲಪುರುಷನಿಂದ ಹಿಡಿದು ಒಪ್ಪಿಸಿದರು. ಅವನು ಸಂತೋಷದಿಂದ ಕೇಳಿದ. ಕೇಳಿ ಮುಗಿದ ಮೇಲೆ, "ನನ್ನ ವಿಷಯ ನನಗೆ ಗೊತ್ತು. ಈ ಜಾಗ ಯಾರು ಕೊಟ್ಟದ್ದು, ಏಕೆ ಕೊಟ್ಟದ್ದು? ನಾಳೆ ಹೇಳಿದರೆ ನಿಮಗೇ ಇರಲಿ. ಇಲ್ಲದಿದ್ದರೆ ನನ್ನ ಕುದುರೆಗಳಿಗೆ ಲಾಯ ಬೇಕಾಗಿದೆ" ಎಂದು ಹೊರಟುಹೋದ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಎರಡೂ ಪಕ್ಷದವರು ಒಟ್ಟಿಗೇ ಮುದುಕನ ಮನೆಗೆ ಓಡಿದರು. ಅವನ ಸೊಸೆ ಬಾಗಿಲಿಗೆ ಬಂದಳು.

"ಮಾವನವರು ತೀರಿಕೊಂಡು ತಿಂಗಳಾಯಿತು" ಎಂದಳು.

"ಶಾಲೆಯ ವಿಷಯ ನಿಮಗೆ ಏನಾದರೂ ಹೇಳಿದ್ದರೇ, ತಾಯಿ?"

"ನಾನೇ ಎಷ್ಟೋ ಸಲ ಕೇಳಿದೆ. ನಿನಗೇನು ತಿಳಿಯುತ್ತದೆ, ಅದು ವಿದ್ವಾಂಸರಿಗೆ ಹೇಳುವ ವಿಷಯ ಎಂದರು."

ಈಗ ಆ ಶಾಲೆಯಲ್ಲಿ ಕುದುರೆಗಳಿವೆ. ಬಾಗಿಲ ಮೇಲೆ ಪಾಳೇಗಾರ ತನ್ನ ಹೆಸರು ಕೆತ್ತಿಸಿದ್ದಾನೆ. ಕಟ್ಟಡ ಕಟ್ಟಿಸಿದವನೂ ತಾನೇ ಎಂದು ಕೆತ್ತಿಸಿದ್ದಾನೆ. ಎರಡೂ ಪಕ್ಷದ ವಿದ್ವಾಂಸರು ಅದನ್ನು ಓದಿ, ಆಧಾರ ಗಟ್ಟಿಯಾಗಿದೆ ಎಂದು ಒಪ್ಪಿಕೊಂಡಿದ್ದಾರೆ.

ಗುರುಗಳು ಕತೆ ನಿಲ್ಲಿಸಿದರು. ಅಡವಿಸ್ವಾಮಿ, "ಮನೆಯವರಿಗೂ ಹೇಳದೆ ಹೋದದ್ದು ಆ ಮುದುಕನದೂ ತಪ್ಪಲ್ಲವೇ, ಗುರುಗಳೇ?" ಎಂದ.

"ತಪ್ಪೇ, ಅದಕ್ಕೇ ನೀನು ಬರೆದುಕೊಳ್ಳಲು ಬರುವಾಗ ಅಡುಗೆಮನೆಯವರನ್ನೂ ಕರೆದುಕೊಂಡು ಬಾ, ಅವರೂ ಕೇಳಲಿ; ಹಿರಿಯ ಗುರುಗಳನ್ನು ಕಣ್ಣಾರೆ ಕಂಡವರಲ್ಲಿ ಈ ಪೀಠದಲ್ಲಿ ಉಳಿದಿರುವವನು ನಾನೊಬ್ಬನೇ" ಎಂದರು ಗುರುಗಳು.